ಕೋವಿಯ ಮೇಲಿನ ನಂಬರು, ತೋಟಾದ ಅಳತೆ: ಇಂಚು–ಮಿಲಿಮೀಟರ್ ಗೊಂದಲ ಬಿಡಿಸಿಕೊಳ್ಳುವುದು ಹೇಗೆ?

"ಅಪ್ಪನ ಲೈಸೆನ್ಸಿನಲ್ಲಿ .315 ಅಂತ ಇದೆ. ಅಂಗಡಿಯವರು 8 ಎಂ.ಎಂ. ಅಂತಾರೆ. ಎರಡೂ ಒಂದೇನಾ ಸರ್?" ಸಕಲೇಶಪುರ, ಮೂಡಿಗೆರೆ, ಆಲೂರು, ಕೊಪ್ಪದ ಕಡೆಯ ಓದುಗರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಇದರ ಹಿಂದೆಯೇ ಇನ್ನೆರಡು ಬರುತ್ತವೆ. 12 ಬೋರ್ ಅಂದರೆ 12 ಏನು? .308 ಮತ್ತು 7.62 ಒಂದೇ ಅಂತಾರೆ, ಆದರೆ ಲೆಕ್ಕ ಹಾಕಿದರೆ ಯಾಕೆ ತಾಳೆಯಾಗುವುದಿಲ್ಲ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಕೋವಿಯ ಮೇಲಿರುವ ನಂಬರು ಅದರ ಹೆಸರು. ಅದನ್ನೇ ಅಳತೆ ಅಂದುಕೊಳ್ಳಬೇಡಿ. ತೋಟಕ್ಕೆ ನೀರಿನ ಲೈನ್ ಎಳೆಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅರ್ಧ ಇಂಚು ಅಂದರೆ 12.7 ಮಿ.ಮೀ. ಆದರೆ ಅರ್ಧ ಇಂಚಿನ ಜಿ.ಐ. ಪೈಪನ್ನು ಹೊರಗಿನಿಂದ ಅಳೆದರೆ 21 ಮಿ.ಮೀ. ದಾಟುತ್ತದೆ. ಆದರೂ ಅದು "ಅರ್ಧ ಇಂಚು ಪೈಪ್", ಅಲ್ವಾ? ತೋಟಾದ ಕತೆಯೂ ಹಾಗೆಯೇ. ಪೈಪಿನಲ್ಲಿ ತಪ್ಪಿದರೆ ನೀರು ಸೋರುತ್ತದೆ. ಇಲ್ಲಿ ತಪ್ಪಿದರೆ ನಳಿಗೆ ಸೀಳುತ್ತದೆ, ಕಣ್ಣು ಹೋಗುತ್ತದೆ.

ಏನೇನು ಬೇಕು?

ಲೈಸೆನ್ಸಿನ ಪ್ರತಿ, ಒಳ್ಳೆಯ ಟಾರ್ಚು, ಭೂತಗನ್ನಡಿ, ಒಂದು ನೋಟ್‌ಬುಕ್, ಮೊಬೈಲಿನ ಕ್ಯಾಲ್ಕುಲೇಟರ್. ವರ್ನಿಯರ್ ಕ್ಯಾಲಿಪರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ, ಯಾಕೆಂದರೆ ಇಲ್ಲಿ ಅಳೆಯುವುದಕ್ಕಿಂತ ಓದುವುದೇ ಜಾಸ್ತಿ.

ಕೋವಿಯನ್ನು ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರೇ ಮುಟ್ಟಬೇಕು. ಆಯುಧಪೂಜೆಗೆ ಕೋವಿ ಒರೆಸಿ ಇಡುತ್ತಾರಲ್ಲ, ನಂಬರು ನೋಡಿ ಬರೆದುಕೊಳ್ಳಲು ಅದೇ ಒಳ್ಳೆಯ ದಿನ. ಕೋವಿ ತೆರೆದು ತೋಟಾ ಇಲ್ಲ ಅಂತ ಕಣ್ಣಿನಿಂದ ನೋಡಿ, ಬೆರಳಿಟ್ಟೂ ನೋಡಿ. ತೋಟಾಗಳು ಬೇರೆ ಕೋಣೆಯಲ್ಲಿರಲಿ. ನಳಿಗೆ ಯಾರ ಕಡೆಗೂ ತಿರುಗಬಾರದು.

1. ಮೊದಲು ಮಾತು ಸರಿ ಮಾಡಿಕೊಳ್ಳಿ

ನಮ್ಮಲ್ಲಿ ಎಲ್ಲವನ್ನೂ "ಬುಲೆಟ್" ಅನ್ನುವ ರೂಢಿ ಇದೆ. ಅರ್ಧ ಗೊಂದಲ ಇಲ್ಲಿಂದಲೇ ಶುರುವಾಗುತ್ತದೆ. ತೋಟಾ ಅಂದರೆ ಇಡೀ ವಸ್ತು. ಅದರಲ್ಲಿ ನಾಲ್ಕು ಭಾಗ ಇವೆ. ಮುಂದೆ ಹಾರಿ ಹೋಗುವುದು ಗುಂಡು. ಗುಂಡನ್ನೂ ಮದ್ದನ್ನೂ ಹಿಡಿದುಕೊಂಡಿರುವ ಹಿತ್ತಾಳೆಯ ಕೊಳವೆ ಕೇಸು. ಒಳಗೆ ಮದ್ದು. ಹಿಂಭಾಗದಲ್ಲಿ, ಪಿನ್ ಬಡಿದಾಗ ಕಿಡಿ ಕೊಡುವುದು ಕೇಪು. ಹೊಸಬರು ಇದನ್ನು ಪ್ರೈಮರ್ ಅನ್ನುತ್ತಾರೆ.

ಕೋವಿಯಲ್ಲಿ ತೋಟಾ ಕೂರುವ ಗೂಡಿಗೆ ಚೇಂಬರ್ ಅನ್ನುತ್ತಾರೆ. ಅದರ ಮುಂದೆ ನಳಿಗೆ. ಕೇಸು ಚೇಂಬರ್‌ಗೆ ಹೊಂದಬೇಕು, ಗುಂಡು ನಳಿಗೆಗೆ ಹೊಂದಬೇಕು. ಇವು ಎರಡು ಬೇರೆ ಬೇರೆ ವಿಷಯ. "ಗುಂಡು ಒಂದೇ ಸೈಜು, ಹಾಗಾಗಿ ತೋಟಾ ನಡೆಯುತ್ತದೆ" ಎನ್ನುವ ಮಾತು ಪೂರ್ತಿ ತಪ್ಪು.

2. ಇಂಚನ್ನು ಮಿಲಿಮೀಟರ್ ಮಾಡಿ

1 ಇಂಚು ಅಂದರೆ ಸರಿಯಾಗಿ 25.4 ಮಿ.ಮೀ. ಇಂಚನ್ನು 25.4ರಿಂದ ಗುಣಿಸಿದರೆ ಮಿ.ಮೀ. ಬರುತ್ತದೆ, ಮಿ.ಮೀ.ಯನ್ನು 25.4ರಿಂದ ಭಾಗಿಸಿದರೆ ಇಂಚು ಬರುತ್ತದೆ. ಕಾಫಿ ಕ್ಯೂರಿಂಗ್‌ನ ಜರಡಿ ಗೊತ್ತಿರುವವರಿಗೆ ಈ ಲೆಕ್ಕ ಹೊಸದಲ್ಲ. ಜರಡಿಯ ನಂಬರು ಅಂದರೆ ಒಂದು ಇಂಚನ್ನು 64 ಪಾಲು ಮಾಡಿದಾಗ ಅಷ್ಟು ಪಾಲು. 17ರ ಜರಡಿ ಅಂದರೆ 17/64 ಇಂಚು, ಅಂದರೆ 6.75 ಮಿ.ಮೀ.

ತೋಟಾದಲ್ಲಿ ಇಂಚನ್ನು ಸಾವಿರ ಪಾಲು ಮಾಡುತ್ತಾರೆ. ಆ ಒಂದು ಪಾಲನ್ನು ಲೇತ್ ಕೆಲಸದವರು "ಥೌ" ಅನ್ನುತ್ತಾರೆ. 1 ಥೌ ಅಂದರೆ 0.0254 ಮಿ.ಮೀ. ಹಾಗಾಗಿ .315 ಅಂದರೆ 315 ಥೌ. ಮುಂದಿನ ಚುಕ್ಕಿಯನ್ನು ಬಿಡಬೇಡಿ. ನಂಬರು ಚುಕ್ಕಿಯಿಂದಲೇ ಶುರುವಾದರೆ ಇಂಚು. ಚುಕ್ಕಿಯ ಎಡಕ್ಕೆ 5, 6, 7, 8ರಂಥ ಅಂಕಿ ಇದ್ದರೆ ಅದು ಮಿ.ಮೀ.

ಗುಂಡಿನ ನಿಜವಾದ ಅಡ್ಡಳತೆಗಳಲ್ಲಿ ಮತ್ತೆ ಮತ್ತೆ ಕಾಣುವ ಕೆಲವನ್ನು ಇಲ್ಲಿ ಕೊಟ್ಟಿದ್ದೇನೆ. ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ.

.224 ಇಂಚು = 5.69 ಮಿ.ಮೀ.
.264 ಇಂಚು = 6.71 ಮಿ.ಮೀ.
.284 ಇಂಚು = 7.21 ಮಿ.ಮೀ.
.308 ಇಂಚು = 7.82 ಮಿ.ಮೀ.
.312 ಇಂಚು = 7.92 ಮಿ.ಮೀ.
.323 ಇಂಚು = 8.20 ಮಿ.ಮೀ.
.375 ಇಂಚು = 9.53 ಮಿ.ಮೀ.

ಏರ್‌ಗನ್ನಿನ .177 ಅಂದರೆ 4.5 ಮಿ.ಮೀ. ಶೂಟಿಂಗ್ ಸ್ಪರ್ಧೆಯ 10 ಮೀಟರ್ ಏರ್ ರೈಫಲ್‌ಗೆ ಬಳಸುವುದು ಇದನ್ನೇ. ಮಕ್ಕಳನ್ನು ಶೂಟಿಂಗಿಗೆ ಸೇರಿಸಿದ ತಂದೆತಾಯಂದಿರು ಇದನ್ನೂ ಕೇಳುತ್ತಿರುತ್ತಾರೆ. ಎನ್‌.ಸಿ.ಸಿ.ಯಲ್ಲಿ ಹೊಡೆಸುವ ಪಾಯಿಂಟ್ ಟೂ ಟೂ ಬೇರೆ. ಅದು ಮದ್ದಿನ ತೋಟಾ, ಸ್ಪರ್ಧೆಯ ನಿಯಮದಲ್ಲಿ ಅದನ್ನು 5.6 ಮಿ.ಮೀ. ಅಂತ ಬರೆಯುತ್ತಾರೆ.

3. ನಳಿಗೆಗೆ ಎರಡು ಅಳತೆ ಇದೆ, ತಿಳಿದುಕೊಳ್ಳಿ

ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಸುಲಭ. ನಿಧಾನವಾಗಿ ಓದಿ.

ಖಾಲಿ ರೈಫಲ್ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದರೆ ಸುರುಳಿಯಾಗಿ ಸುತ್ತಿಕೊಂಡು ಹೋಗುವ ಗೆರೆಗಳು ಕಾಣುತ್ತವೆ. ಇದಕ್ಕೆ ರೈಫ್ಲಿಂಗ್ ಅನ್ನುತ್ತಾರೆ. ರೈಫಲ್ ಎಂಬ ಹೆಸರು ಬಂದದ್ದೇ ಇದರಿಂದ. ಅಡಿಕೆ ತೋಟದ ಬಸಿಗಾಲುವೆ ನೆನಪಿಸಿಕೊಳ್ಳಿ. ಕಾಲುವೆ ತೋಡಿದ ಜಾಗ ತಗ್ಗು, ಪಕ್ಕದ ನೆಲ ಎತ್ತರ. ನಳಿಗೆಯಲ್ಲೂ ತೋಡಿದ ಗೆರೆ ತಗ್ಗು, ನಡುವೆ ಉಳಿದ ಉಕ್ಕು ಏಣು. ಎದುರುಬದುರಿನ ಏಣಿನಿಂದ ಏಣಿಗೆ ಅಳೆದರೆ ಚಿಕ್ಕ ಅಳತೆ ಬರುತ್ತದೆ. ತಗ್ಗಿನಿಂದ ತಗ್ಗಿಗೆ ಅಳೆದರೆ ದೊಡ್ಡದು. ಎರಡರ ನಡುವೆ ಸಾಮಾನ್ಯವಾಗಿ 8 ಥೌ ಆಸುಪಾಸು ವ್ಯತ್ಯಾಸ ಇರುತ್ತದೆ.

ಗುಂಡು ಹೆಚ್ಚುಕಡಿಮೆ ತಗ್ಗಿನ ಅಳತೆಗೇ ಇರಬೇಕು. ಆಗ ಏಣುಗಳು ಅದನ್ನು ಕಚ್ಚಿ ಹಿಡಿದು ತಿರುಗಿಸುತ್ತವೆ. ಆದರೆ ತೋಟಾಕ್ಕೆ ಹೆಸರಿಡುವಾಗ ಒಂದು ದೇಶದವರು ಏಣಿನ ಅಳತೆ ಹಿಡಿದರು, ಇನ್ನೊಬ್ಬರು ತಗ್ಗಿನ ಅಳತೆ ಹಿಡಿದರು. ಗೊಂದಲದ ಬೇರು ಇಲ್ಲೇ ಇರುವುದು.

ಈಗ .308 ಮತ್ತು 7.62ರ ಪ್ರಶ್ನೆಗೆ ಬನ್ನಿ. .308 ವಿಂಚೆಸ್ಟರ್ ಎಂಬ ಹೆಸರಿನಲ್ಲಿರುವುದು ಗುಂಡಿನ ಅಳತೆ, ಅಂದರೆ 7.82 ಮಿ.ಮೀ. 7.62 ಎಂಬುದು ಏಣಿನ ಅಳತೆ. ಅದನ್ನು 25.4ರಿಂದ ಭಾಗಿಸಿ, ಸರಿಯಾಗಿ .300 ಬರುತ್ತದೆ. ನಳಿಗೆ ಅದೇ, ಅಳೆದ ಜಾಗ ಬೇರೆ. ಹಾಗಾಗಿ ಲೆಕ್ಕ ತಾಳೆಯಾಗುವುದಿಲ್ಲ.

.303ರಲ್ಲೂ ಹೀಗೆಯೇ. ಅದು ಏಣಿನ ಅಳತೆ, 7.7 ಮಿ.ಮೀ. ಅದರ ಗುಂಡು .311ರಿಂದ .312 ಇಂಚು ಇರುತ್ತದೆ. ನೋಡಿ, .303 ಎಂಬ ಹೆಸರು .308ಕ್ಕಿಂತ ಚಿಕ್ಕದು, ಆದರೆ ಗುಂಡು ದೊಡ್ಡದು. ಹೆಸರಿನ ನಂಬರನ್ನು ಹೋಲಿಸಿ "ಇದು ಅದಕ್ಕಿಂತ ಸಣ್ಣದು, ಸಲೀಸಾಗಿ ಹೋಗುತ್ತದೆ" ಅಂತ ಯಾರಾದರೂ ಹೇಳಿದರೆ ಈ ಉದಾಹರಣೆ ತೋರಿಸಿ.

4. ಇಂಚಿನ ಹೆಸರನ್ನು ಬಿಡಿಸಿ ಓದಿ

ಇಂಚಿನ ಹೆಸರುಗಳು ಬ್ರಿಟನ್ ಮತ್ತು ಅಮೆರಿಕದವು. ಇವುಗಳಿಗೆ ಒಂದೇ ಕಟ್ಟುನಿಟ್ಟಾದ ನಿಯಮ ಇಲ್ಲ. .222, .223, .22-250 ಎಂಬ ಮೂರು ಬೇರೆ ಬೇರೆ ತೋಟಾಗಳಿವೆ, ಮೂರರ ಗುಂಡೂ .224 ಇಂಚೇ. .270 ವಿಂಚೆಸ್ಟರ್‌ನ ಗುಂಡು .277. .318 ವೆಸ್ಟ್ಲಿ ರಿಚರ್ಡ್ಸ್‌ನ ಗುಂಡು .330. .375 ಹಾಲಂಡ್ ಅಂಡ್ ಹಾಲಂಡ್ ಮಾತ್ರ ಹೆಸರಿಗೆ ತಕ್ಕಂತೆ .375 ಇದೆ.

ಹೆಸರಿನಲ್ಲಿ ಎರಡನೇ ಅಂಕಿ ಇದ್ದರೆ ಅದರ ಅರ್ಥವೂ ಒಂದೊಂದು ಕಡೆ ಒಂದೊಂದು. .30-06ರಲ್ಲಿ 06 ಅಂದರೆ 1906ನೇ ಇಸವಿ. ಅಮೆರಿಕದ ಸೇನೆ ಅದನ್ನು ಒಪ್ಪಿಕೊಂಡ ವರ್ಷ ಅದು. .30-30ರಲ್ಲಿ ಎರಡನೇ 30 ಮದ್ದಿನ ತೂಕ. .22-250ರಲ್ಲಿ 250 ಅಂದರೆ .250 ಸ್ಯಾವೇಜ್ ಎಂಬ ತೋಟಾದ ಕೇಸಿನ ಕುತ್ತಿಗೆಯನ್ನು ಕಿರಿದು ಮಾಡಿ ಇದನ್ನು ಹುಟ್ಟಿಸಿದರು ಅಂತ. ಬ್ರಿಟಿಷರ .577/450ರಲ್ಲಿ ಇದು ತಿರುಗುಮುರುಗು. ಮೂಲ ಕೇಸು ಮೊದಲು, ನಳಿಗೆಯ ಬೋರು (ಒಳಗಿನ ಅಡ್ಡಳತೆ) ಆಮೇಲೆ.

ಈ .450ಕ್ಕೆ ನಮ್ಮ ದೇಶದ ಜೊತೆ ಒಂದು ನಂಟಿದೆ. 1907ರ ಹೊತ್ತಿಗೆ ಬ್ರಿಟಿಷ್ ಸರ್ಕಾರ .450 ಬೋರಿನ ರೈಫಲ್‌ಗಳನ್ನು ಭಾರತಕ್ಕೆ ತರುವುದನ್ನು ನಿಲ್ಲಿಸಿತು. ಆ ತೋಟಾದ ಗುಂಡು ಹಳೆಯ .577/450 ಮಾರ್ಟಿನಿ ಹೆನ್ರಿ ಬಂದೂಕುಗಳಿಗೆ ಬಳಕೆಯಾಗಿ ದಂಗೆ ಏಳುವವರ ಕೈ ಸೇರಬಹುದು ಎಂಬ ಭಯ ಅವರಿಗಿತ್ತು. ಇಲ್ಲಿನ ದೊಡ್ಡ ಬೇಟೆಯ ಗಿರಾಕಿಗಳನ್ನು ಕಳೆದುಕೊಳ್ಳಬಾರದು ಅಂತ ಇಂಗ್ಲೆಂಡಿನ ತಯಾರಕರು .465, .470, .475 ಎಂದು ಹೊಸ ಹೊಸ ಅಳತೆ ತಂದರು. ಹಳೆಯ ಶಿಕಾರಿ ಕತೆಗಳಲ್ಲಿ ಒಂದಕ್ಕೊಂದು ಅಂಟಿಕೊಂಡಂಥ ಇಷ್ಟೊಂದು ನಂಬರುಗಳು ಕಾಣುವುದಕ್ಕೆ ಇದೂ ಒಂದು ಕಾರಣ. ನಂಬರು ಹತ್ತಿರ ಇದೆ ಅಂತ ಒಂದರ ತೋಟಾ ಇನ್ನೊಂದಕ್ಕೆ ನಡೆಯುವುದಿಲ್ಲ.

5. ಮಿಲಿಮೀಟರ್ ಹೆಸರನ್ನು ಬಿಡಿಸಿ ಓದಿ

ಇದು ಸ್ವಲ್ಪ ಶಿಸ್ತಿನ ಪದ್ಧತಿ. 7×57 ಅಂತ ಬರೆದಿದ್ದರೆ ಮೊದಲನೆಯದು ನಳಿಗೆಯ ಬೋರು, ಎರಡನೆಯದು ಕೇಸಿನ ಉದ್ದ. ಗುಂಡು ಸೇರಿಸಿದ ಉದ್ದ ಅಲ್ಲ, ಬರೀ ಕೇಸಿನದು. ಕ್ಯಾಲಿಪರ್ ಹಿಡಿದವರು ಇಲ್ಲೇ ಎಡವುವುದು. .308 ವಿಂಚೆಸ್ಟರ್ ಅಂದರೆ 7.62×51. ಆದರೆ ಇಡೀ ತೋಟಾ ಅಳೆದರೆ 71 ಮಿ.ಮೀ. ತನಕ ಬರುತ್ತದೆ. .30-06 ಅಂದರೆ 7.62×63, ಇಡೀ ತೋಟಾ ಸುಮಾರು 85 ಮಿ.ಮೀ. ಎರಡರ ಗುಂಡೂ .308 ಇಂಚು, ಕೇಸು ಮಾತ್ರ 12 ಮಿ.ಮೀ. ಹೆಚ್ಚುಕಡಿಮೆ. ಚಿಕ್ಕ ತೋಟಾ ದೊಡ್ಡ ಚೇಂಬರಿನೊಳಗೆ ಸುಮ್ನೆ ಇಳಿದುಬಿಡುತ್ತದೆ. ಹೊಡೆದರೆ ಕೇಸು ಸೀಳಿ ಬಿಸಿ ಗಾಳಿ ಮುಖದ ಕಡೆ ನುಗ್ಗಬಹುದು.

ಕೊನೆಯ ಅಕ್ಷರವನ್ನೂ ಓದಿ. "ಆರ್" ಅಂತ ಇದ್ದರೆ ಕೇಸಿನ ಬುಡದಲ್ಲಿ ಹೊರಚಾಚಿದ ಅಂಚು ಇದೆ ಅಂತ ಅರ್ಥ. .303ರದ್ದೂ ಅಂಥ ಕೇಸು, ಅದಕ್ಕೆ ಮಿ.ಮೀ. ಹೆಸರು 7.7×56ಆರ್. ಅಕ್ಷರ ಇಲ್ಲದಿದ್ದರೆ ಬುಡ ಮೈಗೆ ಸಮವಾಗಿದ್ದು, ಸುತ್ತ ಒಂದು ತೋಡು ಇರುತ್ತದೆ.

ಒಂದೇ ತೋಟಾಕ್ಕೆ ಎರಡು ಹೆಸರು ಇರುವುದೂ ಉಂಟು. 7×57 ಮೌಸರ್ ಎಂಬ ಜರ್ಮನ್ ತೋಟಾವನ್ನು ಬ್ರಿಟನ್ನಿನಲ್ಲಿ .275 ರಿಗ್ಬಿ ಅಂತ ಮಾರಿದರು. ಜಿಮ್ ಕಾರ್ಬೆಟ್ ಹಿಡಿದದ್ದು ಇಂಥ .275 ರೈಫಲ್ಲನ್ನೇ. ಹೆಸರಿನಲ್ಲಿ 7 ಮತ್ತು .275 ಇದ್ದರೂ ಗುಂಡು .284 ಇಂಚು!

6. ".315" ಮತ್ತು "8 ಎಂ.ಎಂ."

ಈಗ ನಮ್ಮ ಕಡೆಯ ಮುಖ್ಯ ಪ್ರಶ್ನೆ. ಮಲೆನಾಡಿನ ಲೈಸೆನ್ಸುಗಳಲ್ಲಿ ಕಾಣುವ ತ್ರೀ ಫಿಫ್ಟೀನ್ ರೈಫಲ್ ಇಶಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯಲ್ಲಿ ತಯಾರಾಗುವಂಥದ್ದು. .315ನ್ನು 25.4ರಿಂದ ಗುಣಿಸಿದರೆ 8.00 ಬರುತ್ತದೆ. ಹಾಗಾಗಿ ಅದನ್ನು 8 ಎಂ.ಎಂ. ಅನ್ನುವುದು ತಪ್ಪಲ್ಲ. ಆ ತೋಟಾ 8×50ಆರ್ ಮಾನ್ಲಿಕರ್ ಎಂಬ ಆಸ್ಟ್ರಿಯಾದ ಹಳೆಯ ತೋಟಾದ ಮನೆತನದ್ದು. ಬುಡದಲ್ಲಿ ಅಂಚು ಇದೆ. ಗುಂಡು .323 ಇಂಚಿನ ಆಸುಪಾಸು, ಅಂದರೆ 8.2 ಮಿ.ಮೀ.

ಎಚ್ಚರಿಕೆ ಬೇಕಾದದ್ದು ಇಲ್ಲಿ. "8 ಎಂ.ಎಂ." ಅಂತ ಇರುವ ಎಲ್ಲವೂ .315 ಅಲ್ಲ. ಜರ್ಮನ್ನರ 8×57 ಬೇರೆಯೇ ತೋಟಾ. ಅದರ ಕೇಸು .315ರದ್ದಕ್ಕಿಂತ 7 ಮಿ.ಮೀ. ಹೆಚ್ಚು ಉದ್ದ, ಬುಡದಲ್ಲಿ ಅಂಚಿಲ್ಲ. ಆ 8×57ರೊಳಗೇ ಮತ್ತೆ ಎರಡು ಜಾತಿ. 1888ರ ಹಳೆಯದಕ್ಕೆ .318 ಇಂಚಿನ ಗುಂಡು. 1905ರ ನಂತರದ್ದಕ್ಕೆ .323, ಅದರ ಹೆಸರಿನ ಕೊನೆಯಲ್ಲಿ "ಎಸ್" ಇರುತ್ತದೆ. ಬರೀ 5 ಥೌ ವ್ಯತ್ಯಾಸ, ಅಂದರೆ ಮಿ.ಮೀ.ಯ ಎಂಟನೇ ಒಂದು ಭಾಗ. ಕಣ್ಣಿಗೆ ಕಾಣುವುದಿಲ್ಲ. ಆದರೆ ಕಿರಿದಾದ ಹಳೆಯ ನಳಿಗೆಯಲ್ಲಿ ದೊಡ್ಡ ಗುಂಡು ಹೊಡೆದರೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಅಂಗಡಿಯಲ್ಲಿ "8 ಎಂ.ಎಂ. ಕೊಡಿ" ಅನ್ನಬೇಡಿ. ಲೈಸೆನ್ಸಿನಲ್ಲಿ ಇರುವ ಪೂರ್ತಿ ಹೆಸರು ಹೇಳಿ. ಕೈಬಂದೂಕಿನಲ್ಲೂ ಇದೇ ತೊಂದರೆ ಇದೆ. .32 ರಿವಾಲ್ವರ್‌ನ ತೋಟಾವನ್ನೂ .32 ಪಿಸ್ತೂಲಿನ ತೋಟಾವನ್ನೂ 7.65 ಅಂತಲೇ ಕರೆಯುತ್ತಾರೆ. ರಿವಾಲ್ವರ್‌ನದು 7.65×23, ಪಿಸ್ತೂಲಿನದು 7.65×17. ಒಂದು ಇನ್ನೊಂದಕ್ಕೆ ಆಗುವುದಿಲ್ಲ.

7. 12 ಬೋರ್: ಇಲ್ಲಿ ಇಂಚೂ ಇಲ್ಲ, ಮಿ.ಮೀ.ಯೂ ಇಲ್ಲ

ಇದು ರೈಫಲ್ ಅಲ್ಲ, ಚರೆಕೋವಿ. ಆದರೆ ತೋಟದ ಮನೆಗಳಲ್ಲಿ ಒಂಟಿ ನಳಿಗೆ, ಜೋಡು ನಳಿಗೆ ಕೋವಿಗಳೇ ಜಾಸ್ತಿ. ಇದನ್ನು ಬಿಟ್ಟರೆ ಲೇಖನ ಅರ್ಧವಾಗುತ್ತದೆ.

ಒಂದು ಪೌಂಡು ಸೀಸ ತೆಗೆದುಕೊಂಡು, ಒಂದೇ ಗಾತ್ರದ 12 ಉಂಡೆ ಕಟ್ಟಿ. ಒಂದು ಉಂಡೆಯ ಅಡ್ಡಳತೆ ಎಷ್ಟೋ ಅದೇ 12 ಬೋರ್. ಅದು .729 ಇಂಚು, ಅಂದರೆ 18.5 ಮಿ.ಮೀ. ಅದೇ ಪೌಂಡಿನಲ್ಲಿ 20 ಉಂಡೆ ಮಾಡಿದರೆ ಉಂಡೆ ಚಿಕ್ಕದಾಗುತ್ತದೆ. ಹಾಗಾಗಿ 20 ಬೋರ್ ಅಂದರೆ .615 ಇಂಚು, 15.6 ಮಿ.ಮೀ. 16 ಬೋರ್ ನಡುವಿನದು, 16.8 ಮಿ.ಮೀ. ನಂಬರು ದೊಡ್ಡದಾದಷ್ಟು ನಳಿಗೆ ಕಿರಿದು. .410 ಮಾತ್ರ ಈ ಲೆಕ್ಕಕ್ಕೆ ಸೇರಿಲ್ಲ, ಅದು ನೇರವಾಗಿ ಇಂಚು.

ಇಲ್ಲಿ ಎರಡು ಅಪಾಯ ಇದೆ. ಮೊದಲನೆಯದು, 20 ಬೋರ್ ತೋಟಾ 12 ಬೋರ್ ಕೋವಿಯೊಳಗೆ ಜಾರಿ, ಚೇಂಬರಿನ ಮುಂದೆ ಸಿಕ್ಕಿಹಾಕಿಕೊಳ್ಳುತ್ತದೆ. ಕೋವಿ ಖಾಲಿ ಇದ್ದಂತೆಯೇ ಕಾಣುತ್ತದೆ. ಹಿಂದಿನಿಂದ 12 ಬೋರ್ ತೋಟಾ ಹಾಕಿ ಹೊಡೆದರೆ ನಳಿಗೆ ಒಡೆಯುತ್ತದೆ. 20 ಬೋರ್ ತೋಟಾಗಳಿಗೆ ಹಳದಿ ಬಣ್ಣ ಕೊಡುವ ಪದ್ಧತಿ ಬಂದಿರುವುದು ಇದೇ ಕಾರಣಕ್ಕೆ. ಮನೆಯಲ್ಲಿ ಎರಡೂ ಬೋರಿನ ಕೋವಿ ಇದ್ದರೆ ತೋಟಾಗಳನ್ನು ಒಂದೇ ಡಬ್ಬಿಯಲ್ಲಿ ಇಡಲೇಬೇಡಿ.

ಎರಡನೆಯದು ಉದ್ದದ್ದು. ಇಂಗ್ಲಿಷ್ ತಯಾರಿಕೆಯ ಹಳೆಯ ಕೋವಿಗಳಲ್ಲಿ ಎರಡೂವರೆ ಇಂಚಿನ ಚೇಂಬರ್ ಇರುವುದು ಸಾಮಾನ್ಯ. ಅದಕ್ಕೆ 65 ಮಿ.ಮೀ. ತೋಟಾ ಬೇಕು. ಈಗ ಹೆಚ್ಚು ಸಿಗುವುದು 70 ಮಿ.ಮೀ. ತೋಟಾ, ಅದು ಎರಡೂ ಮುಕ್ಕಾಲು ಇಂಚಿನ ಚೇಂಬರಿಗೆ. ಈ ಉದ್ದ ಹೊಡೆದ ಮೇಲೆ, ಬಾಯಿ ಬಿಚ್ಚಿಕೊಂಡ ತೋಟಾದ್ದು. ಹೊಡೆಯುವ ಮೊದಲು ಬಾಯಿ ಮಡಚಿರುವುದರಿಂದ 70ರ ತೋಟಾ 60 ಮಿ.ಮೀ. ಆಸುಪಾಸಿನಲ್ಲೇ ಇರುತ್ತದೆ, 65ರ ಚೇಂಬರಿಗೆ ಆರಾಮಾಗಿ ಹೋಗುತ್ತದೆ. ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. "ಸಲೀಸಾಗಿ ಕೂತಿತಲ್ಲ" ಎಂಬ ಸಮಾಧಾನ ಇಲ್ಲಿ ಮೋಸ ಮಾಡುತ್ತದೆ.

8. ಗ್ರೇನ್ ಬೇರೆ, ಗ್ರಾಂ ಬೇರೆ

ಡಬ್ಬಿಯ ಮೇಲಿನ ತೂಕ ಗ್ರೇನ್‌ನಲ್ಲಿ ಇರುತ್ತದೆ. 7000 ಗ್ರೇನ್ ಅಂದರೆ 1 ಪೌಂಡು, 15.43 ಗ್ರೇನ್ ಅಂದರೆ 1 ಗ್ರಾಂ. ಅಕ್ಕಸಾಲಿಗರ ಒಂದು ಗುಂಜಿಗೆ ಸುಮಾರು ಎರಡು ಗ್ರೇನ್ ಅಂತ ಇಟ್ಟುಕೊಳ್ಳಿ. 150 ಗ್ರೇನ್ ಗುಂಡು ಅಂದರೆ 9.7 ಗ್ರಾಂ. ಪಾಯಿಂಟ್ ಟೂ ಟೂನ 40 ಗ್ರೇನ್ ಗುಂಡು 2.6 ಗ್ರಾಂ. ಅಡ್ಡಳತೆ ಒಂದೇ ಇದ್ದು ತೂಕ ಬೇರೆ ಬೇರೆ ಇರಬಹುದು, ಅದರಲ್ಲಿ ಗಾಬರಿ ಏನೂ ಇಲ್ಲ.

9. ಮೂರು ಕಡೆ ಓದಿ, ತಾಳೆ ನೋಡಿ

ಮೊದಲು ನಳಿಗೆ ಅಥವಾ ಚೇಂಬರಿನ ಮೇಲೆ ಕೊರೆದಿರುವುದನ್ನು ಓದಿ. ತುಕ್ಕು ಇದ್ದರೆ ಎಣ್ಣೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಮರಳು ಕಾಗದ ಹಾಕಬೇಡಿ, ಗುರುತು ಅಳಿಸಿಹೋಗುತ್ತದೆ. ಆಮೇಲೆ ತೋಟಾದ ಬುಡದಲ್ಲಿ ಒತ್ತಿರುವ ಅಕ್ಷರ ನೋಡಿ. "ಕೆ.ಎಫ್." ಅಂತ ಇದ್ದರೆ ಅದು ಪುಣೆಯ ಹತ್ತಿರದ ಖಡ್ಕಿ ಕಾರ್ಖಾನೆಯದು. ಕೊನೆಗೆ ಲೈಸೆನ್ಸ್. ಮೂರೂ ಒಂದೇ ಹೇಳಬೇಕು.

ತಾಳೆಯಾಗದಿದ್ದರೆ ತೋಟಾವನ್ನು ಚೇಂಬರಿಗೆ ಹಾಕಿ ಪರೀಕ್ಷೆ ಮಾಡಬೇಡಿ. ಗುಂಡು ಕೀಳುವುದು, ಕೇಸು ಉಜ್ಜುವುದು ಯಾವುದೂ ಬೇಡ. ಲೈಸೆನ್ಸ್ ಇರುವ ಶಸ್ತ್ರ ವ್ಯಾಪಾರಿಯ ಬಳಿ ಕೋವಿ ತೋರಿಸಿ. ಚೇಂಬರಿನ ಅಚ್ಚು ತೆಗೆದು ಅಳೆಯುವ ವಿಧಾನ ಗೊತ್ತಿರುವ ಕೆಲಸಗಾರರು ಅದನ್ನು ಸರಿಯಾಗಿ ಹೇಳಬಲ್ಲರು. ಲೈಸೆನ್ಸಿನಲ್ಲೇ ನಂಬರು ತಪ್ಪಾಗಿ ಬರೆದಿದ್ದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ತಿದ್ದಿಸಿಕೊಳ್ಳಿ. ನೀವೇ ಪೆನ್ನು ಹಿಡಿಯಬೇಡಿ.

ಅಟ್ಟದಲ್ಲಿ ಅಜ್ಜನ ಕಾಲದ ತೋಟಾ ಸಿಕ್ಕಿತು ಅಂತ ಬರೆಯುವವರೂ ಇದ್ದಾರೆ. .303, 7.62ರಂಥ ಸೇನೆಯ ಬೋರುಗಳು ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. ಅವನ್ನು "ಪ್ರೊಹಿಬಿಟೆಡ್ ಬೋರ್" ಅನ್ನುತ್ತಾರೆ, ಅಂದರೆ ನಿಷೇಧಿತ ಬೋರು. 1959ರ ಶಸ್ತ್ರ ಕಾಯ್ದೆಯ ಪ್ರಕಾರ ಕೋವಿಯಂತೆ ತೋಟಾ ಇಟ್ಟುಕೊಳ್ಳಲೂ ಲೈಸೆನ್ಸ್ ಬೇಕು. ಒಂದೇ ಒಂದು ತೋಟಾ ಇದ್ದರೂ ನಿಯಮ ಬದಲಾಗುವುದಿಲ್ಲ. ಸಿಕ್ಕ ಜಾಗದಲ್ಲೇ ಬಿಟ್ಟು ಠಾಣೆಗೆ ತಿಳಿಸಿ. ಒಲೆಗೆ ಹಾಕುವುದು, ಹಳ್ಳಕ್ಕೆ ಎಸೆಯುವುದು ಬೇಡ. ಲೈಸೆನ್ಸುದಾರರು ತೀರಿಕೊಂಡಿದ್ದರೆ ಕೋವಿ, ತೋಟಾ ಎರಡನ್ನೂ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯ ಬಳಿಯೋ ಜಮಾ ಮಾಡಿ, ರಸೀದಿ ತೆಗೆದುಕೊಳ್ಳಿ. ವಾರಸುದಾರರ ಅರ್ಜಿ ಆಮೇಲೆ.

ಎಲ್ಲ ತಾಳೆಯಾದ ಮೇಲೆ ಒಂದು ಚೀಟಿಯಲ್ಲಿ ಹೀಗೆ ಬರೆಯಿರಿ: ಕೋವಿಯ ನಂಬರು, ತೋಟಾದ ಪೂರ್ತಿ ಹೆಸರು, ಅದರ ಮಿ.ಮೀ. ಹೆಸರು, ಕೇಸಿಗೆ ಅಂಚು ಇದೆಯೋ ಇಲ್ಲವೋ, ಗುಂಡಿನ ನಿಜವಾದ ಅಡ್ಡಳತೆ. 12 ಬೋರ್ ಆಗಿದ್ದರೆ ಚೇಂಬರಿನ ಉದ್ದವನ್ನೂ ಸೇರಿಸಿ. ಆ ಚೀಟಿ ಲೈಸೆನ್ಸಿನ ಜೊತೆಗೇ ಇರಲಿ. ತೋಟಾ ತರಲು ಹಾಸನಕ್ಕೋ ಚಿಕ್ಕಮಗಳೂರಿಗೋ ಹೋದಾಗ ಅದನ್ನು ಮೇಜಿನ ಮೇಲಿಟ್ಟು, ಕೊಟ್ಟ ಡಬ್ಬಿಯ ಮೇಲಿನ ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ ನೋಡಿ, ಆಮೇಲೆ ದುಡ್ಡು ಕೊಡಿ.